ಹದಿನೇಳನೆಯ ಪೆಟ್ಟಿಗೆಯಲ್ಲಿ ಒಂದು ಹೆಚ್ಚು

ಸೋಮವಾರ ಬೆಳಗ್ಗೆ 11.20ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಲವತ್ತರ ಆಸುಪಾಸು, ಮೈಮೇಲೆ ಬಿಳಿ ಕೋಟು, ಬಲಮುಷ್ಟಿಯಲ್ಲಿ ಮಡಿಸಿದ ಕರವಸ್ತ್ರ. ಹೆಡ್ ಕಾನ್‌ಸ್ಟೆಬಲ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೇನಮ್ಮಾ? ಚಪ್ಪಲಿ ಎಲ್ಲಿ?"

"ಬೇಕಂತಲೇ ಬಿಟ್ಟು ಬಂದೆ. ಬಾಗಿಲಲ್ಲಿ ಚಪ್ಪಲಿ ಕಂಡ್ರೆ ನಾನು ಒಳಗೇ ಇದೀನಿ ಅಂದ್ಕೋತಾನೆ."

"ಯಾರು?"

ಆಕೆ ತಿರುಗಿ ರಸ್ತೆಯ ಉದ್ದಕ್ಕೂ ನೋಡಿದಳು. "ಒಳಗೆ ಹೇಳ್ತೀನಿ."

ಆಕೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದ ಉಪನ್ಯಾಸಕಿ. ಇನ್‌ಸ್ಪೆಕ್ಟರ್ ಮುಂದೆ ಕರವಸ್ತ್ರ ಬಿಚ್ಚಿದಳು. ಕುದುರೆ ಲಾಳದಂತೆ ಬಾಗಿದ, ಹೆಬ್ಬೆರಳುದ್ದದ ಮೂಳೆಯೊಂದು ಅದರೊಳಗಿತ್ತು.

ಹೆಡ್ ಕಾನ್‌ಸ್ಟೆಬಲ್ ಬಗ್ಗಿ ನೋಡಿದ. "ಕೋಳಿದಲ್ವಾ ಮೇಡಂ?"

"ಮನುಷ್ಯರದ್ದು. ಹಯಾಯ್ಡ್ ಅಂತೀವಿ. ಮೈಯಲ್ಲಿರೋ ಇನ್ನೂರ ಆರು ಮೂಳೆಗಳಲ್ಲಿ ಇದೊಂದಕ್ಕೇ ಬೇರೆ ಮೂಳೆಗಳ ನೆಂಟಸ್ತಿಕೆ ಇಲ್ಲ. ಗಂಟಲಲ್ಲಿ, ನಾಲಿಗೆಯ ಬುಡದಲ್ಲಿ, ಸ್ನಾಯುಗಳ ನಡುವೆ ತೂಗಾಡ್ತಾ ಇರುತ್ತೆ. ನುಂಗೋದಕ್ಕೆ, ಮಾತಾಡೋದಕ್ಕೆ ಇದೇ ಆಧಾರ."

ಇನ್‌ಸ್ಪೆಕ್ಟರನ ಕೈ ತಾನಾಗಿಯೇ ಅವನ ಕೊರಳಿಗೆ ಹೋಯಿತು.

"ಈ ಕೊಂಬು ನೋಡಿ. ಮುರಿದಿದೆ. ಬಿದ್ರೆ, ಎಡವಿದ್ರೆ ಮುರಿಯೋ ಜಾಗ ಅಲ್ಲ ಇದು, ದವಡೆ ಇದಕ್ಕೆ ಕಾವಲು. ಕತ್ತು ಹಿಸುಕಿದ್ರೆ ಮುರಿಯುತ್ತೆ. ಆಮೇಲೂ ಬದುಕಿದ್ರೆ ಮೂಳೆ ತಾನೇ ಬೆಳೆದು ಕೂಡ್ಕೊಳ್ತಿತ್ತು, ಗಂಟು ಕಾಣ್ತಿತ್ತು. ಗಂಟಿಲ್ಲ. ಅಂಟು ಹಾಕಿ ಕೂಡಿಸಿದಾರೆ."

"ಎಲ್ಲಿ ಸಿಕ್ತು?"

ವಿಭಾಗದಲ್ಲಿ ಪಾಠಕ್ಕೆಂದು ಇಪ್ಪತ್ತು ಮರದ ಪೆಟ್ಟಿಗೆಗಳಿದ್ದವು, ಪೆಟ್ಟಿಗೆಗೊಬ್ಬರ ಅಸ್ಥಿ. ರಜೆ ಮುಗಿಯುವ ಮೊದಲು ಪಟ್ಟಿ ಹಿಡಿದು ಅವನ್ನು ತಾಳೆ ನೋಡುವುದು ಆಕೆಯ ಕೆಲಸ. ವಿದ್ಯಾರ್ಥಿಗಳ ಕೈಯಲ್ಲಿ ಪ್ರತಿ ವರ್ಷವೂ ಏನಾದರೊಂದು ಕಳೆಯುತ್ತಿತ್ತು. ಈ ಸಲ ಒಂದನ್ನು ಬಿಟ್ಟು ಮಿಕ್ಕ ಪೆಟ್ಟಿಗೆಗಳೆಲ್ಲ ತುಂಬಿಕೊಂಡಿದ್ದವು. ಮೊದಲು ಆಕೆಗೆ ಖುಷಿಯಾಯಿತು. ಹದಿನೇಳನೆಯದರಲ್ಲಿ ಈ ಮೂಳೆ ಸಿಕ್ಕಾಗ ಖುಷಿ ನಿಂತಿತು. ಹಯಾಯ್ಡ್ ಯಾವ ಪೆಟ್ಟಿಗೆಯ ಪಟ್ಟಿಯಲ್ಲೂ ಇರಲಿಲ್ಲ.

"ಹಳೇ ಮೂಳೆ ಬೆಂಡಿನ ಹಾಗೆ ಹಗುರ ಸಾರ್. ಅದೇ ಪೆಟ್ಟಿಗೆಯ ತೊಡೆಮೂಳೆ ಎತ್ತಿದೆ, ಕೈಗೆ ಭಾರ ಬಂತು. ಮಜ್ಜೆಯ ಜಿಡ್ಡು ಇನ್ನೂ ಆರಿಲ್ಲ. ಕಾಗದದ ಮೇಲಿಟ್ಟೆ, ಎಣ್ಣೆ ಕಲೆ ಬಿತ್ತು."

"ಮೂಳೆ ಜೋಡಿಸೋದು ಯಾರು?"

"ಮೂಳೆಯಣ್ಣ." ಧ್ವನಿ ಇಳಿಯಿತು. "ಹುಡುಗರು ಇಟ್ಟ ಹೆಸರು. ಹತ್ತೊಂಬತ್ತು ವರ್ಷದಿಂದ ಅವನೇ. ಬೇಯಿಸೋದು, ತೊಳೆಯೋದು, ಮುರಿದದ್ದಕ್ಕೆ ಅಂಟು ಹಾಕೋದು, ನಂಬರ್ ಬರೆಯೋದು. ಈಗ ರಜೆ. ಕಟ್ಟಡದಲ್ಲಿ ನಾವಿಬ್ಬರೇ."

"ನಿಮ್ಮಲ್ಲಿ ಯಾರಾದ್ರೂ ಕಾಣೆಯಾಗಿದಾರಾ?"

ಉತ್ತರ ಹೆಡ್ ಕಾನ್‌ಸ್ಟೆಬಲ್‌ನಿಂದ ಬಂತು. "ಸಾರ್, ಆ ಸ್ಟೋರ್ ಗುಮಾಸ್ತ."

ಐದು ತಿಂಗಳ ಹಿಂದಿನ ಕಡತ ಕಪಾಟಿನಿಂದ ಇಳಿಯಿತು. ದೂರು ಕೊಟ್ಟವಳು ಗುಮಾಸ್ತನ ಹೆಂಡತಿ. ಮೂರು ಸಲ ಬಂದು ಹೋಗಿದ್ದಳು. ಕೊನೆಯ ಪುಟದಲ್ಲಿ ಹೆಡ್ ಕಾನ್‌ಸ್ಟೆಬಲ್‌ನದೇ ಅಕ್ಷರ: ಸ್ವಇಚ್ಛೆಯಿಂದ ಹೋಗಿರುವ ಸಾಧ್ಯತೆ. ಗುರುತಿನ ಕಾಲಂನಲ್ಲಿ ಹೀಗಿತ್ತು: ಎಡ ಕೊರಳೆಲುಬು ಮುರಿದು, ಪ್ಲೇಟ್ ಹಾಕಲಾಗಿದೆ.

ಉಪನ್ಯಾಸಕಿ ಕಣ್ಣು ಮುಚ್ಚಿದಳು. "ಒಂಬತ್ತನೇ ಪೆಟ್ಟಿಗೆಯ ಕೊರಳೆಲುಬಲ್ಲಿ ಸಾಲಾಗಿ ಆರು ತೂತು ಇದೆ. ನಾನೇ ನೋಡಿದೀನಿ."

11.50ಕ್ಕೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಗುಮಾಸ್ತನ ಹಳೆಯ ಎಕ್ಸ್‌ರೇ ತರಲು ತಾನೇ ಆಸ್ಪತ್ರೆಗೆ ಹೊರಟ. ಬರುವಾಗ ಸಾಕ್ಷಿಗೆಂದು ಇಬ್ಬರು ಪಂಚರನ್ನು ಕರೆತರಬೇಕಿತ್ತು. "ನೀವು ಇಲ್ಲೇ ಇರಿ ಮೇಡಂ."

"ಒಂದು ಗಂಟೆಗೆ ಅವನು ಊಟಕ್ಕೆ ಬೀಗ ಹಾಕ್ತಾನೆ. ಅಷ್ಟರಲ್ಲಿ ನಾನು ಕಾಣದಿದ್ರೆ ಅವನಿಗೆ ಗೊತ್ತಾಗುತ್ತೆ. ಅಲ್ಲಿ ಆಸಿಡ್ ತೊಟ್ಟಿ ಇದೆ ಸಾರ್. ಅದರಲ್ಲಿ ಮುಳುಗಿಸಿದ್ರೆ ನಿಮ್ಮ ಕೈಗೆ ಏನೂ ಸಿಗಲ್ಲ."

ಹೇಳುತ್ತಲೇ ಆಕೆ ಬಾಗಿಲ ಕಡೆ ಹೊರಟಳು. ಮಫ್ತಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ಜೊತೆಗೆ ಹೋಗಬೇಕು, ಕೇಳಿದರೆ ಕಪಾಟು ರಿಪೇರಿಗೆ ಬಂದ ಬಡಗಿ ಎನ್ನಬೇಕು ಎಂದು ತೀರ್ಮಾನವಾಯಿತು.

12.25ಕ್ಕೆ ಅವರು ತಲುಪಿದಾಗ ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ.

ಉದ್ದನೆಯ ಕೋಣೆ. ಎರಡೂ ಬದಿಗೆ ಪೆಟ್ಟಿಗೆಗಳ ಸಾಲು, ನಡುವೆ ಕಲ್ಲಿನ ಮೇಜು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಮನುಷ್ಯ ಕಿಟಕಿಯ ಬೆಳಕಿಗೆ ಕೂತು ಪಕ್ಕೆಲುಬೊಂದನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜುತ್ತಿದ್ದ.

"ಬರಿಗಾಲಲ್ಲಿ ಎಲ್ಲಿಗೆ ಹೋಗಿದ್ರಿ ಮೇಡಂ? ಚಪ್ಪಲಿ ಒಳಗಿಟ್ಟಿದೀನಿ. ನಾಯಿ ಕಚ್ಕೊಂಡು ಹೋಗೋದು ಬೇಡ ಅಂತ."

ಅವನು ಆಕೆಯ ಹಿಂದೆ ನಿಂತವನತ್ತ ನೋಡಿದ.

"ಇವರು ಯಾರು?"

ಹೆಡ್ ಕಾನ್‌ಸ್ಟೆಬಲ್‌ನ ಕಣ್ಣು ಮೇಜಿನ ಮೇಲಿದ್ದ ಬಣ್ಣದ ಕರಪತ್ರಕ್ಕೆ ಬಿತ್ತು. ಅದರಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರದ ಚಿತ್ರವಿತ್ತು. ಬಡಗಿಗಿಂತ ಇದೇ ವಾಸಿ ಎನಿಸಿತು ಅವನಿಗೆ. "ಕಂಪನಿಯಿಂದ ಬಂದಿದೀನಿ. ಪ್ಲಾಸ್ಟಿಕ್ ಮಾದರಿ ಇಡೋಕೆ ಜಾಗ ಅಳೀಬೇಕು."

ಬ್ರಷ್ ನಿಂತಿತು. "ಇಪ್ಪತ್ತೂ ಹೋಗುತ್ತಾ?"

"ಇಪ್ಪತ್ತೂ. ಈ ಹಳೇ ಸಾಮಾನು ಕಾಯ್ಕೊಂಡು ಏನ್ ಮಾಡ್ತೀರಿ ಅಣ್ಣಾ? ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ರಾಯ್ತು."

ಮೂಳೆಯಣ್ಣ ಎದ್ದ. ನಿಧಾನವಾಗಿ ನಡೆದು ಬಾಗಿಲ ಚಿಲಕ ಹಾಕಿದ. "ಗಾಳಿಗೆ ಬಡ್ಕೊಳ್ಳುತ್ತೆ," ಎಂದ. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ನಂತರ ಹದಿನೇಳನೆಯ ಪೆಟ್ಟಿಗೆಯ ಮುಚ್ಚಳ ತೆಗೆದ. ಬೆರಳುಗಳು ಒಳಗೆ ಓಡಾಡಿದವು: ಬೆನ್ನುಮಣಿಗಳ ಮೇಲೆ, ಮಣಿಕಟ್ಟಿನ ಪುಟ್ಟ ಮೂಳೆಗಳ ಮೇಲೆ. ಅವನು ನೋಡುತ್ತಿದ್ದುದು ಪೆಟ್ಟಿಗೆಯನ್ನಲ್ಲ, ಆಕೆಯನ್ನು.

"ಇದರಲ್ಲಿ ಒಂದು ಕಮ್ಮಿ ಇದೆ ಮೇಡಂ."

"ಪಟ್ಟಿ ಪ್ರಕಾರ ಸರಿ ಇದೆ." ತನ್ನ ಧ್ವನಿ ಆಕೆಗೇ ದೂರದಿಂದ ಕೇಳಿಸಿತು.

"ಪಟ್ಟಿ ಪ್ರಕಾರ ಸರಿ. ನನ್ನ ಕೈ ಪ್ರಕಾರ ಕಮ್ಮಿ."

ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಗರಗಸವನ್ನು ಅವನು ಇಳಿಸಿಕೊಂಡ. ಹೆಡ್ ಕಾನ್‌ಸ್ಟೆಬಲ್ ಆಕೆಯ ಮುಂದೆ ಬಂದು ನಿಂತ. ಇಪ್ಪತ್ತಾರು ವರ್ಷದ ನೌಕರಿ, ಲಾಠಿ ಠಾಣೆಯಲ್ಲಿತ್ತು. ಅವನ ಬೆನ್ನು ಬೆವರಿ ಅಂಗಿ ಅಂಟಿಕೊಂಡಿದ್ದುದನ್ನು ಆಕೆ ಹತ್ತಿರದಿಂದ ಕಂಡಳು.

"ಅದನ್ನ ಕೆಳಗಿಡಪ್ಪಾ. ನಾನು ಪೊಲೀಸು."

"ಗೊತ್ತಾಯ್ತು. ಅಳೆಯೋನು ಟೇಪ್ ಇಲ್ದೆ ಬರ್ತಾನಾ?" ಮೂಳೆಯಣ್ಣ ಹತ್ತಿರ ಬಂದ. ಇನ್ನೊಂದು ಹೆಜ್ಜೆ. ಉಪನ್ಯಾಸಕಿ ತೊಟ್ಟಿಯ ಅಂಚಿಗೆ ಒರಗಿದಳು. ಆಸಿಡ್ಡಿನ ವಾಸನೆ ಗಂಟಲು ಹಿಡಿಯಿತು. "ನಿಮ್ಮಿಂದ ನಂಗೆ ಒಂದೇ ಮಾತು ಬೇಕು ಮೇಡಂ. ಗುಂಡಿಗೆ ಹಾಕೋದು ನಿಜವಾ?"

ಹಾಕಲ್ಲ ಎಂದು ಸುಳ್ಳು ಹೇಳಿದರೆ ಉಳಿಯಬಹುದು ಎಂದು ಆಕೆಗೆ ಹೊಳೆಯಿತು. ಆದರೆ ಸುಳ್ಳಿಗೂ ಉಸಿರು ಬೇಕಿತ್ತು, ಅದಿರಲಿಲ್ಲ. ತಲೆಯಷ್ಟೇ ಅಲ್ಲಾಡಿತು: ಗೊತ್ತಿಲ್ಲ.

ಬಾಗಿಲು ಬಡಿದ ಸದ್ದು. ಇನ್‌ಸ್ಪೆಕ್ಟರನ ಧ್ವನಿ. ಮೂಳೆಯಣ್ಣ ಬಾಗಿಲ ಕಡೆ ನೋಡಲಿಲ್ಲ. ಎಡಬದಿಯ ಸಾಲಿಗೆ ಹೋಗಿ ಹನ್ನೊಂದನೆಯ ಪೆಟ್ಟಿಗೆಯ ಪಕ್ಕ ಕೂತ. ಗರಗಸ ನೆಲಕ್ಕಿಟ್ಟು, ಎರಡೂ ಕೈಗಳಿಂದ ಪೆಟ್ಟಿಗೆಯನ್ನು ತಬ್ಬಿಕೊಂಡ. ಹೆಡ್ ಕಾನ್‌ಸ್ಟೆಬಲ್ ಚಿಲಕ ತೆಗೆದಾಗ ಸಮಯ 12.52.

ಕಿಟಕಿಯ ಗಾಜಿಗೆ ಎಕ್ಸ್‌ರೇ ಹಾಳೆ ಹಿಡಿದು, ಪಂಚರ ಮುಂದೆ ಒಂಬತ್ತನೆಯ ಪೆಟ್ಟಿಗೆಯ ಕೊರಳೆಲುಬನ್ನು ಅದರ ಪಕ್ಕಕ್ಕಿಟ್ಟರು. ಆರು ತಿರುಪು, ಆರು ತೂತು. ಮುರಿದ ಜಾಗದಲ್ಲಿ ಮೂಳೆ ಬೆಳೆದು ಕೂಡಿದ್ದ ಗಂಟಿಗೂ ಅದೇ ಓರೆ. 1.15ಕ್ಕೆ ಬಂಧನವಾಯಿತು.

ಗುಮಾಸ್ತನನ್ನು ಹತ್ತೊಂಬತ್ತು ಪೆಟ್ಟಿಗೆಗಳಿಂದ ಬೇರ್ಪಡಿಸಲು ಎರಡು ದಿನ ಬೇಕಾಯಿತು. ಪಂಚನಾಮೆಯ ಕಾಲದಲ್ಲಿ ಆರೋಪಿಯೇ ತೋರಿಸಿದ: ಇದು ಅವನದು, ಇದಲ್ಲ. ಕಿವಿಯೊಳಗಿನ ಅಕ್ಕಿಕಾಳಿನಷ್ಟು ಮೂಳೆಗಳೂ ಒಂದು ಬಾಟಲಿಯಲ್ಲಿದ್ದವು. ಉಪನ್ಯಾಸಕಿ ಎದುರು ಕೂತು ಪಟ್ಟಿ ಬರೆದಳು. ಅವನ ಕೈ ಮೇಜಿನ ಈಚೆಗೆ ಚಾಚಿದಾಗಲೆಲ್ಲ ಆಕೆಯ ಪೆನ್ನು ಅಕ್ಷರ ತಪ್ಪುತ್ತಿತ್ತು.

ಎರಡನೆಯ ಸಂಜೆ ಗುಮಾಸ್ತನ ಹೆಂಡತಿ ಬಂದು ಹೊಸ್ತಿಲಾಚೆಯೇ ನಿಂತಳು. ಬಿಳಿ ಬಟ್ಟೆಯ ಮೇಲೆ ತಲೆಯಿಂದ ಕಾಲಿನವರೆಗೆ ಜೋಡಿಸಿಟ್ಟದ್ದನ್ನು ನೋಡಿದಳು.

"ಪೂರ್ತಿ ಇದಾರಾ ಅವರು?"

"ಇದಾರೆ ಅಮ್ಮಾ," ಎಂದ ಹೆಡ್ ಕಾನ್‌ಸ್ಟೆಬಲ್. ಐದು ತಿಂಗಳ ಹಿಂದಿನ ತನ್ನ ಅಕ್ಷರ ನೆನಪಾಗಿ ತಲೆ ತಗ್ಗಿಸಿದ.

ಆರೋಪಿಯ ಹೇಳಿಕೆ ಎರಡು ಪುಟವಷ್ಟೇ. ಇಪ್ಪತ್ತೆರಡು ವರ್ಷಗಳ ಹಿಂದೆ ಅವನು ದೂರದ ಕೆಲಸದಲ್ಲಿದ್ದಾಗ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಕೇಳುವವರಿಲ್ಲದ ದೇಹ ಕಾಲೇಜಿಗೆ ಹೋಯಿತು. ಮೂರು ವರ್ಷದ ಮೇಲೆ ಅಲ್ಲೇ ಕೆಲಸಕ್ಕೆ ಸೇರಿದವನು ಒಂದು ದಿನ ಹನ್ನೊಂದನೆಯ ಪೆಟ್ಟಿಗೆ ಒರೆಸುವಾಗ, ಸೊಟ್ಟಗೆ ಕೂಡಿದ ಮಣಿಕಟ್ಟೊಂದನ್ನು ಕೈಗೆತ್ತಿಕೊಂಡ. ಮಗುವಾಗಿದ್ದ ಅವನನ್ನು ಎತ್ತಿಕೊಂಡು ತಾಯಿ ಓಡುವಾಗ ಬಿದ್ದು ಮುರಿದ ಕೈ ಅದು. ದೇಹಗಳ ರಿಜಿಸ್ಟರ್ ತೆಗೆದು ತಾರೀಕು ನೋಡಿದ, ತಾಳೆಯಾಯಿತು. ಆಗೆಲ್ಲಿದ್ದೆ ಎಂದು ಕೇಳುತ್ತಾರೆಂಬ ನಾಚಿಕೆಗೆ ಯಾರಿಗೂ ಹೇಳಲಿಲ್ಲ.

ಹಳೆಯ ಮೂಳೆಗಳನ್ನೆಲ್ಲ ಹೂಳಬೇಕೆಂಬ ಆದೇಶ ತಂದವನು ಗುಮಾಸ್ತ. ಒಂದು ಪೆಟ್ಟಿಗೆ ಬಿಡಿ ಎಂದು ಇವನು ಬೇಡಿಕೊಂಡ. ಗುಮಾಸ್ತ ನಗುತ್ತಾ ಹನ್ನೊಂದರಿಂದ ಆ ಮುಂಗೈಯನ್ನೇ ಎತ್ತಿ, "ಇದರ ಕೈ ಹಿಡ್ಕೊಂಡು ಸಂಸಾರ ಮಾಡ್ತೀಯೇನೋ?" ಎಂದು ಆಡಿಸಿ ತೋರಿಸಿದ್ದ.

"ತೊಟ್ಟಿಗೆ ಹಾಕಿದ್ರೆ ಗುರುತೇ ಇರ್ತಿರಲಿಲ್ಲ," ಎಂದ ಇನ್‌ಸ್ಪೆಕ್ಟರ್. "ಯಾಕೆ ತೊಳೆದಿಟ್ಟೆ? ಆ ಗಂಟಲಿನ ಮೂಳೆಗೆ ಅಂಟು ಯಾಕೆ ಹಾಕಿದೆ?"

"ಮನುಷ್ಯನ ಮೂಳೆ ಸಾರ್, ಕರಗಿಸೋಕೆ ಕೈ ಬರಲಿಲ್ಲ. ಮುರಿದಿತ್ತು, ಕೂಡಿಸಿದೆ. ಹತ್ತೊಂಬತ್ತು ವರ್ಷದಿಂದ ಮಾಡಿದ್ದು ಅದನ್ನೇ."

ಮಿಕ್ಕೆಲ್ಲ ಪೆಟ್ಟಿಗೆಗಳ ಖಾಲಿ ಜಾಗ ಗುಮಾಸ್ತನಿಂದ ತುಂಬಿತ್ತು. ಹನ್ನೊಂದರಲ್ಲಿ ಮಾತ್ರ ವಿದ್ಯಾರ್ಥಿಗಳು ಕಳೆದ ಮೂರು ಮೂಳೆಗಳ ಜಾಗ ಹಾಗೇ ಇತ್ತು. ತಾಯಿಯ ಜೊತೆ ಪರರದ್ದನ್ನು ಬೆರೆಸಲು ಅವನು ಒಪ್ಪಿರಲಿಲ್ಲ.

ಜಪ್ತಿ ಪಟ್ಟಿ ಬರೆಯಲು ಹೆಡ್ ಕಾನ್‌ಸ್ಟೆಬಲ್ ಕೂತ. "ಹನ್ನೊಂದನೇದು ಬಿಟ್ಟು ಹತ್ತೊಂಬತ್ತು ಪೆಟ್ಟಿಗೆ, ಅಲ್ವಾ ಸಾರ್?"

ಹೂಳುವ ಆದೇಶ ಇನ್ನೂ ಜಾರಿಯಲ್ಲಿತ್ತು. ಜಪ್ತಿಯಾದ ವಸ್ತುವನ್ನು ಮಾತ್ರ ನ್ಯಾಯಾಲಯದ ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿರಲಿಲ್ಲ. ಇನ್‌ಸ್ಪೆಕ್ಟರ್ ಉಪನ್ಯಾಸಕಿಯ ಕಡೆ ನೋಡಿದ. ಆಕೆ ಒಪ್ಪಿ ತಲೆಯಾಡಿಸಿದಳು.

"ಇಪ್ಪತ್ತು ಅಂತ ಬರಿ," ಎಂದ ಇನ್‌ಸ್ಪೆಕ್ಟರ್.