ಹೊನ್ನವ್ವನ ಅಂಗಳದ ಎಕ್ಕ

ಬಹಳ ಹಿಂದೆ, ಗಾಳಿಗೂ ಗಿಡಕ್ಕೂ ಮಾತುಕತೆ ಇದ್ದ ಕಾಲದಲ್ಲಿ, ಕಲ್ಲೇರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಬಂದ ಮಾಂತ್ರಿಕನೊಬ್ಬ ಆ ನೆಲದ ತುಂಬೆ, ತಂಗಡಿ, ಲಕ್ಕಿ, ಎಕ್ಕದ ಗಿಡಗಳನ್ನೆಲ್ಲ ಸುಡಿಸಿ, ಅರಮನೆಯ ಸುತ್ತ ಎಂದೂ ಬಾಡದ ಹೂಗಳ ತೋಟ ಹಾಕಿದ. ಅರಸ ಮರುಳಾದ.

"ಒಂದು ಚಿಟ್ಟೆಯೂ ಬರೋದಿಲ್ಲವಲ್ಲ, ಇದೆಂಥ ತೋಟ?" ಎಂದು ಕೇಳಿದವನು ಕೆಂಚನೆಂಬ ಹುಡುಗ ಒಬ್ಬನೇ.

"ಹಾಗಾದರೆ ನೀನೇ ಚಿಟ್ಟೆಯಾಗು," ಎಂದ ಮಾಂತ್ರಿಕ. ಕೆಂಚ ಪಟ್ಟೆಪಟ್ಟೆ ಹುಳವಾಗಿ ಅಕ್ಕ ಹೊನ್ನವ್ವನ ಅಂಗೈಗೆ ಬಿದ್ದ. "ಮೂರು ಸಲ ಎಚ್ಚರಾಗ್ತಾನೆ. ಹೊಟ್ಟೆ ತುಂಬಿದರೆ ರೆಕ್ಕೆ ಮೂಡಿ ಮತ್ತೆ ಮನುಷ್ಯ. ಮೂರನೇ ಸಲವೂ ಹಸಿದು ಮಲಗಿದರೆ ಮುಗೀತು. ಈ ನೆಲದ ಎಲೆಗೆ ಹುಳ ಕಚ್ಚಿ ತೂತು ಬೀಳುವ ತನಕ ನನ್ನ ಮಾಯೆಗೆ ಅಳಿವಿಲ್ಲ!"

ಹುಳ ಮೊದಲ ಸಲ ಎದ್ದಾಗ ಹೊನ್ನವ್ವ ಅರಮನೆಯ ತೋಟದ ಎಲೆ ಕೊಟ್ಟಳು. ಮುಖ ತಿರುಗಿಸಿತು. ಎರಡನೇ ಸಲ ಬೆಟ್ಟ ದಾಟಿ ತಂದ ಚಿಗುರು ಕೊಟ್ಟಳು. ಮೂಸಿ ಮಲಗಿತು.

ಅದಕ್ಕೇನು ಬೇಕೆಂದು ಅವಳಿಗೆ ಗೊತ್ತಿತ್ತು. ಪಟ್ಟೆ ಹುಳ ಎಕ್ಕದ ಎಲೆ ತಿನ್ನುವುದನ್ನು ಕೆಂಚನೇ ತೋರಿಸಿದ್ದ. ಅದು ಬೆಟ್ಟದಾಚೆ ಬೆಳೆಯದು, ಇಲ್ಲಿಯದು ಸುಟ್ಟುಹೋಗಿತ್ತು; ಇನ್ನು ನೆಟ್ಟೇ ಬೆಳೆಸಬೇಕು. ಆದರೆ ಎಕ್ಕ ಹಾಳುಮನೆಯ ಗಿಡ. ಅಪ್ಪನ ಮನೆ ಬಿದ್ದಾಗ ಅದೇ ಬೆಳೆದಿತ್ತು. 'ನಿನ್ನ ಮನೇಲಿ ಎಕ್ಕ ಹುಟ್ಟಲಿ' ಎಂದು ಜನ ಶಪಿಸುವುದು ಸುಮ್ಮನೆಯೇ? ತಾನೇ ಮಣ್ಣು ಹೊತ್ತು, ತಾನೇ ಗೋಡೆ ಎತ್ತಿದ ಮನೆಯ ಮುಂದೆ ಅದನ್ನು ನೆಡುವುದೆಂದರೆ ಅವಳ ಜೀವ ಒಪ್ಪಲಿಲ್ಲ.

ಅಂಗೈಯ ಹುಳ ದಿನದಿನಕ್ಕೂ ಹಗುರಾಯಿತು.

ಹೊನ್ನವ್ವ ಅಪ್ಪನ ಮನೆಯ ಬಿರುಕುಗೋಡೆ ತಡಕಿದಳು. ಬೆಂಕಿಗೆ ಸಿಗದ ಎರಡು ಬೀಜ ರೇಷ್ಮೆಕೂದಲ ಸಮೇತ ಅಂಟಿದ್ದವು. ತಂದು ಬಾಗಿಲ ಮುಂದೆ ಊರಿದಳು.

"ಏನೇ ಹೊನ್ನಿ, ಬಾಳೋ ಮನೆ ಮುಂದೆ ಎಕ್ಕ ಹಾಕ್ತಾರೇನೇ?" ಎಂದಳು ಪಕ್ಕದ ಮನೆ ಗುರವ್ವ.

"ಮನೆ ಕಟ್ಟಿದೋಳು ನಾನು. ನೀನು ಹೋಗಿ ನಿನ್ನ ಒಲೆ ನೋಡ್ಕೋ."

ಮೊದಲ ಸಸಿಗೆ ಕೊಡಗಟ್ಟಲೆ ನೀರು ಸುರಿದಳು. ಕೊಳೆತುಹೋಯಿತು. ಎರಡನೆಯದನ್ನು ಅದರ ಪಾಡಿಗೆ ಬಿಟ್ಟಳು. ದುಡಿದೇ ಬದುಕಿದವಳಿಗೆ ಕೈಕಟ್ಟಿ ಕೂರುವುದೇ ಕಷ್ಟದ ಕೆಲಸವಾಯಿತು. ಗಿಡ ಮೊಣಕಾಲೆತ್ತರ ಬೆಳೆಯಿತು. ಕೀಳಲು ಬಂದ ಅರಮನೆಯ ಆಳುಗಳು ಬೇಲಿಯಲ್ಲೇ ನಿಂತರು. "ಅಯ್ಯೋ, ಆ ಅಂಗಳ ತುಳಿದರೆ ನಮ್ಮ ಮನೆಗೂ ಅಂಟೀತು!" ಎಂದು ಹಿಂದಿರುಗಿದರು.

ಹುಳ ಮೂರನೇ ಸಲ ಎದ್ದಿತು. ಎಕ್ಕದ ಎಲೆಯ ಮೇಲಿಟ್ಟಳು. ಕಚ್ಚಿತು. ಎಲೆಗೆ ತೂತು ಬಿತ್ತು.

ಅಷ್ಟೇ. ಅರಮನೆಯ ಹೂಗಳೆಲ್ಲ ಬೂದಿಯಾದವು. ಮಾಂತ್ರಿಕ ತರಗೆಲೆಯಾಗಿ ಗಾಳಿಗೆ ಹಾರಿಹೋದ. ಮಳೆ ಬಿದ್ದೊಡನೆ ಸುಟ್ಟ ನೆಲದಿಂದ ತುಂಬೆ, ತಂಗಡಿ ತಾವಾಗಿ ಎದ್ದವು. ಒಂದು ಬೆಳಿಗ್ಗೆ ಹೊಟ್ಟೆ ತುಂಬಿದ ಹುಳ ಎಕ್ಕದ ಕೊಂಬೆಗೆ ಕಟ್ಟಿದ್ದ ಗೂಡು ಬಿರಿದು, ಮೂಡಿದ ರೆಕ್ಕೆ ಕಳಚಿ ಕೆಂಚ ಕೆಳಗಿಳಿದ.

"ಅಕ್ಕಾ, ಹಸಿವು."

"ಇಡೀ ಗಿಡ ಬೋಳಿಸಿದ್ದು ಸಾಲದೇನೋ? ಬಾ, ರೊಟ್ಟಿ ಬಿಸಿ ಇದೆ."

ಕಲ್ಲೇರಿಯವರು ಅಂದಿನಿಂದ ನೆಮ್ಮದಿಯಾಗಿ ಬಾಳಿದರು. ಅಲ್ಲಿ ಯಾರು ಹೊಸ ಮನೆ ಕಟ್ಟಿದರೂ ಹಿರಿಯರು ತಲೆ ಮುಟ್ಟಿ ಹರಸುವುದು ಹೀಗೆ: "ನಿನ್ನ ಮನೇಲಿ ಎಕ್ಕ ಹುಟ್ಟಲಿ."