ಮೀನುದಾರಿಗೆ ಬಿದ್ದ ಹಲಗೆ

ಸತ್ತ ಮೀನುಗಳನ್ನು ಮೊದಲು ಕಂಡವನು ಕಿಟ್ಟ. ಬೆಳಿಗ್ಗೆ ಏಳಕ್ಕೆ ಬಲೆ ಹಿಡಿದು ಬಿಜೂರಿನ ಹೊಳೆಗೆ ಇಳಿದಿದ್ದ. ಒಂಬತ್ತಕ್ಕೆ ಪೊಲೀಸರು ಅವನನ್ನೇ ಜೀಪು ಹತ್ತಿಸಿದರು.

ಕುಂದಾಪುರದ ವರದಿಗಾರ ರಾಜೇಂದ್ರ ಬಂದಾಗ ಕಿಂಡಿ ಅಣೆಕಟ್ಟಿನ ಕೆಳಗೆ ಜನ ಮೂಗು ಮುಚ್ಚಿಕೊಂಡು ನಿಂತಿದ್ದರು. ಅಣೆಕಟ್ಟಿನ ಪಕ್ಕ ಸಿಮೆಂಟಿನ ಮೆಟ್ಟಿಲು. ಮೊದಲ ಮಳೆಗೆ ಮೊಟ್ಟೆಯಿಡಲು ಅಳಿವೆಯಿಂದ ಮೇಲೇರುವ ಹತ್ತುಮೀನಿಗೆಂದೇ ಕಟ್ಟಿದ ದಾರಿ. ಅದಕ್ಕಾಗಿ ರಾಜೇಂದ್ರ ಆರು ವರ್ಷ ಬರೆದಿದ್ದ. 2012ರ ಈ ಮೇ ತಿಂಗಳಲ್ಲಿ ಮೀನು ಮೊದಲ ಸಲ ಏರಬೇಕಿತ್ತು.

ಮೆಟ್ಟಿಲಿನ ಮೇಲ್ತುದಿಯ ಬಾಯಿಗೆ ಯಾರೋ ಹಲಗೆ ಹಾಕಿದ್ದರು. ನಿನ್ನೆ ಸಂಜೆಯ ಮಳೆಗೆ ಉಬ್ಬರದ ಜೊತೆ ಬಂದ ಮೀನು ಮೆಟ್ಟಿಲು ಹತ್ತಿ, ಇಳಿತದಲ್ಲಿ ನೀರಿಲ್ಲದೆ ಅಲ್ಲೇ ಸತ್ತಿತ್ತು. ಹೊಟ್ಟೆ ತುಂಬ ಮೊಟ್ಟೆ.

"ಅಡ್ಡಗಟ್ಟಿ ಹಿಡಿಯೋಕೆ ಬಲೆಯವನೇ ಮುಚ್ಚಿದ್ದು," ಎಂದರು ಎಸ್‌ಐ.

ರಾಜೇಂದ್ರ ಜೀಪಿನ ಹತ್ತಿರ ಹೋದ. "ಒಂದು ಮೀನಾದರೂ ತೆಗೆದೆಯಾ ಕಿಟ್ಟ?"

"ಎಂತಕ್ ತೆಗೀಲಿ ಮಾರ್ರೆ? ನಾತ ಬತ್ತಿತ್ತ್. ನಾನೇ ಮುಚ್ಚಿದ್ರೆ ಜೀವ ಇಪ್ಪಾಗ್ಳೇ ಹಿಡಿತಿದ್ದೆ."

ಮಾತು ಸರಿ. ಯಾರೂ ಒಂದು ಮೀನನ್ನೂ ಮುಟ್ಟಿರಲಿಲ್ಲ. ಮುಚ್ಚಿದವನಿಗೆ ಮೀನು ಬೇಕಿರಲಿಲ್ಲ.

* * *

ರಾಜೇಂದ್ರ ಹಲಗೆ ನೋಡಿದ. ಎರಡು ಸಾಲು, ನಡುವೆ ತುಳಿದು ತುಂಬಿದ ಜೇಡಿಮಣ್ಣು. ಹನಿ ನೀರೂ ಜಿನುಗುತ್ತಿಲ್ಲ. ಪಳಗಿದ ಕೈ. ಅಣೆಕಟ್ಟಿನ ಹಲಗೆ ಇಡುವ ಶೆಡ್ಡಿನ ಬೀಗವೂ ಮುರಿದಿಲ್ಲ.

ಮಣ್ಣಿನ ಹೆಂಟೆಯೊಂದನ್ನು ಒಡೆದ. ಒಳಗೆ ಬೆರಳುದ್ದದ ಭತ್ತದ ಅಗೆ ಸಸಿ. ತುದಿ ಸುಟ್ಟು ಬಿಳಚಿಕೊಂಡಿತ್ತು.

ಅವನು ದಂಡೆ ಹಿಡಿದು ಮೇಲೆ ನಡೆದ. ಮೂರನೆಯ ಗದ್ದೆಯಲ್ಲಿ ಅಗೆಯೆಲ್ಲ ಹಾಗೆಯೇ ಸುಟ್ಟಿತ್ತು. ಮೂಲೆಯ ಮಣ್ಣು ಈಚೆಗೆ ಅಗೆದದ್ದು. ಪಕ್ಕದ ಮಡಿಯಲ್ಲಿ ಹೊಸದಾಗಿ ಬಿತ್ತಿದ್ದರು. ಗದ್ದೆ ಸುಂದರಿಯದು. ಅವಳ ಗಂಡ ಮುತ್ತ ಇಪ್ಪತ್ತು ವರ್ಷದಿಂದ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕುವವನು. ಶೆಡ್ಡಿನ ಬೀಗದ ಕೈ ಅವನ ಬಳಿಯೇ ಇರುತ್ತದೆ.

* * *

ಮುತ್ತ ಜಗಲಿಯಲ್ಲಿ ಕೂತಿದ್ದ. ರಾಜೇಂದ್ರ ತಂದಿಟ್ಟ ಹೆಂಟೆಯನ್ನು ನೋಡಿದವನು ತಲೆ ಎತ್ತಲಿಲ್ಲ.

"ಉಬ್ಬರಕ್ಕೆ ಆ ಮೆಟ್ಟಿಲಿಂದ್ಲೇ ಉಪ್ಪುನೀರ್ ಒಳಗ್ ಬತ್ತಿತ್ತ್. ಎರಡ್ನೇ ಸಲ ಬಿತ್ತಿದ್ದ್. ಅದೂ ಸುಟ್ರೆ ಬೀಜ ಇಲ್ಲೆ. ಎಂಟ್ ದಿನ ಮುಚ್ಚಿ ತೆಗಿತೆ ಅಂತ ಮಾಡಿದ್ದೆ. ಮಳೆ ಇಷ್ಟ್ ಬೇಗ ಬಪ್ಪುದ್ ನಂಗೊತ್ತಿಲ್ಲೆ."

"ಒಂದು ಮಾತು ಹೇಳಬಹುದಿತ್ತಲ್ಲ?"

ಒಳಗಿನಿಂದ ಸುಂದರಿ ಹೊರಬಂದಳು. "ಹ್ವಾಯ್, ಯಾರಿಗ್ ಹೇಳುದ್? ಎರಡ್ ಸಲ ನಿಮ್ಮ ಆಫೀಸಿಗೆ ಬಂದಿದ್ದೆ. ಬಾವಿ ನೀರ್ ಬಾಟ್ಲಿಯಲ್ ಕೊಟ್ಟಿದ್ದೆ. ಎಂತ ಮಾಡ್ದ್ರಿ ಅದನ್ನ?"

ರಾಜೇಂದ್ರನಿಗೆ ನೆನಪಿತ್ತು. ನಾಲಿಗೆಗೆ ಹಚ್ಚಿ ನೋಡಿದ್ದ. ಉಪ್ಪಾಗಿತ್ತು. ಬರೆದರೆ ಮೀನುದಾರಿಯನ್ನೇ ಮುಚ್ಚಿಸುತ್ತಾರೆಂದು ಹೆದರಿ ಸಿಂಕಿಗೆ ಸುರಿದಿದ್ದ. ಉಬ್ಬರಕ್ಕೆ ಇಳಿಸಿ ಇಳಿತಕ್ಕೆ ಎತ್ತುವ ಒಂದು ಸಣ್ಣ ಬಾಗಿಲು ಮೆಟ್ಟಿಲಿಗೆ ಇಟ್ಟಿದ್ದರೆ ಅಗೆಯೂ ಮೀನೂ ಉಳಿಯುತ್ತಿದ್ದವು. ಅದನ್ನು ಕೇಳಲು ಎರಡು ಸಾಲಿನ ಸುದ್ದಿ ಸಾಕಿತ್ತು.

"ಚೆಲ್ಲಿದೆ," ಎಂದ.



* * *

ಠಾಣೆಯಲ್ಲಿ ಮುತ್ತ ಹೇಳಿಕೆ ಕೊಟ್ಟ. ಅವನ ನಂತರ ರಾಜೇಂದ್ರ ತನ್ನದನ್ನೂ ಬರೆಸಿದ. "ನಿಮ್ಮದು ಯಾಕೆ?" ಎಂದರು ಎಸ್‌ಐ. ಬಾಟಲಿಯ ವಿಷಯ ಹೇಳಿದ. ಅವರು ಅದನ್ನೂ ಬರೆದುಕೊಂಡರು.

ಮಧ್ಯಾಹ್ನ ಬಿಡುಗಡೆಯಾದ ಕಿಟ್ಟ ಮನೆಗೆ ಹೋಗಲಿಲ್ಲ. ಮಹಜರು ಮುಗಿದಿತ್ತು; ಕರೆದಾಗ ಬರಬೇಕೆಂದು ಹೇಳಿ ಮುತ್ತನನ್ನೂ ಬಿಟ್ಟಿದ್ದರು. ಎಸ್‌ಐ ಅನುಮತಿ ಪಡೆದು ಕಿಟ್ಟ, ಮುತ್ತ, ರಾಜೇಂದ್ರ ಮೂವರೂ ಹೊಳೆಗೆ ಇಳಿದು ಹಲಗೆ ಕಿತ್ತರು. ನೀರು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಧುಮುಕಿತು. ಉಬ್ಬರ ಏರುತ್ತಿತ್ತು. ಮೂವರೂ ದಂಡೆಯಲ್ಲಿ ಕೂತು ಸಂಜೆವರೆಗೆ ಕಾದರು.

ಆ ದಿನ ಒಂದು ಮೀನೂ ಹತ್ತಲಿಲ್ಲ.