ನೀರು ಕುಡಿದ ಎಳೆ

ಸಾವಿರದೊಂಬೈನೂರ ಐವತ್ತೊಂದರ ಚಳಿಗಾಲ. ಲಂಡನ್ನಿನ ನೆಲಮಾಳಿಗೆಯೊಂದರಲ್ಲಿ ಹೆಸ್ಟರ್ ಪ್ಯಾಸ್ಕೋ ಕೂದಲಿಗಿಂತ ಸಪೂರವಾದ ಡಿಎನ್ಎ ಎಳೆಯನ್ನು ಕ್ಷ-ಕಿರಣದ ಕ್ಯಾಮೆರಾದ ಮುಂದೆ ನಿಲ್ಲಿಸುತ್ತಿದ್ದಳು. ಪಕ್ಕದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನು ಎಡ್ಗರ್ ಲಾರ್ಕಿನ್. ಅವನು ಪ್ರತಿಸ್ಪರ್ಧಿ ಪ್ರಯೋಗಾಲಯದವನು. ತಗಡು ತಂತಿಗಳಲ್ಲಿ ಅದೇ ಅಣುವಿನ ಮಾದರಿ ಕಟ್ಟುವವನು. ಆದರೂ ಶನಿವಾರ ಬಂದರೆ ರೈಲು ಹತ್ತಿ ಬರುತ್ತಿದ್ದ, ಅವಳಿಗಾಗಿ.

“ಉಸಿರು ಬಿಡಬೇಡಿ, ಎಡ್ಗರ್.”

“ನಿಮ್ಮ ಪಕ್ಕ ನಿಂತ್ರೆ ಅದು ತಾನಾಗೇ ನಿಲ್ಲುತ್ತೆ.”

“ಹಾಗಾದ್ರೆ ದೂರ ಹೋಗಿ ಸಾಯಿರಿ. ಎಳೆ ಒದ್ದೆ ಆಗುತ್ತೆ.”

ಅವನು ನಕ್ಕುಬಿಟ್ಟ. ಆ ನಗೆಯ ಹಬೆ ತಾಕಿ ಎಳೆ ನೀಳವಾಯಿತು. ಹಾಗೆ ನೀರು ಹೀರುವುದೆಂದರೆ ಅಣುವನ್ನು ಹಿಡಿದು ನಿಲ್ಲಿಸುವ ಸರಪಳಿ, ಅದರ ಬೆನ್ನೆಲುಬು, ಹೊರಗೆ, ನೀರಿನ ಕಡೆಗೇ ಇದೆ ಎಂದರ್ಥ. ಹೆಸ್ಟರ್ ತಿಂಗಳುಗಟ್ಟಲೆ ದುಡಿದು ಕಂಡುಕೊಂಡು, ಇನ್ನೂ ಯಾರಿಗೂ ಹೇಳದೆ ಕಾಪಿಟ್ಟಿದ್ದ ಮಾತು ಅದು. ಎಡ್ಗರನ ಹುಬ್ಬು ಮೇಲೇರಿದ್ದನ್ನು ಕಂಡು ಅವಳು ಕ್ಯಾಮೆರಾ ಬಿಟ್ಟು ಅವನತ್ತ ತಿರುಗಿದಳು.

“ಏನು ಕಂಡ್ತು?”

“ನಿಮ್ಮ ಬೆರಳು,” ಎಂದವನೇ ಟೋಪಿ ಎತ್ತಿಕೊಂಡು ಹೊರಟುಹೋದ.

ಅವನ ಗುಂಪು ಬೆನ್ನೆಲುಬನ್ನು ಒಳಗಿಟ್ಟು ಕಟ್ಟುತ್ತಿತ್ತು. ಅವನು ಒಂದು ಮಾತಾಡಿದರೆ ಅವಳ ದುಡಿಮೆ ಅವರ ಪಾಲು. ಕಂಡದ್ದೆಲ್ಲ ತನ್ನದಲ್ಲವೆಂಬುದು ಹಿರಿಯರ ನುಡಿ. ಕೀರ್ತಿಯ ಹಸಿವಿನೆದುರು ಅದು ಎಷ್ಟು ಹೊತ್ತು ನಿಂತೀತು? ಮುಂದಿನ ಶನಿವಾರ ಅವನು ಬರಲಿಲ್ಲ. ಒಲಿದವನೋ ಕದ್ದವನೋ ತಿಳಿಯದೆ ಹೆಸ್ಟರ್ ಬೆಂದಳು.

ಹತ್ತನೆಯ ದಿನ ಅವನ ಪ್ರಯೋಗಾಲಯದಿಂದ ಕರೆ ಬಂತು. ಮಾದರಿ ಮುಗಿದೊಡನೆ ಎದುರಾಳಿಗಳನ್ನೇ ಕರೆದು ತೋರಿಸುವುದು ಅವರ ಮರ್ಯಾದೆ. ಅಲ್ಲಿ ತಲುಪಿದವಳು ಕೋಟನ್ನೂ ಬಿಚ್ಚದೆ ಮಾದರಿಯಿದ್ದ ಮೇಜಿನತ್ತ ನಡೆದಳು.

ಬೆನ್ನೆಲುಬು ಒಳಗೇ ಇತ್ತು.

ಹೆಸ್ಟರ್ ಮಾದರಿಯ ಸುತ್ತ ಒಮ್ಮೆ ನಡೆದು ಬಂದಳು. “ಇದ್ರಲ್ಲಿ ನೀರಿಗೆ ಜಾಗ ಎಲ್ಲಿ? ಬೆನ್ನೆಲುಬು ಹೊರಗಿರಬೇಕು. ನನ್ನ ಹತ್ರ ಚಿತ್ರಗಳಿವೆ.”

ಆ ಪ್ರಯೋಗಾಲಯದ ಮುಖ್ಯಸ್ಥರ ಮುಖ ಕೆಂಡವಾಯಿತು. “ಏನಯ್ಯಾ ಲಾರ್ಕಿನ್, ಇಷ್ಟೂ ಹೊಳೀಲಿಲ್ವಾ ನಿನಗೆ?”

“ನನ್ನ ತಪ್ಪು, ಸರ್.”

ಸಂಜೆ ರೈಲುನಿಲ್ದಾಣದವರೆಗೆ ಅವನು ಅವಳ ಜೊತೆ ನಡೆದ.

“ಮಾದರಿ ಕೆಲಸದಿಂದ ನನ್ನನ್ನ ತೆಗೆದ್ರು. ಸೋಮವಾರದಿಂದ ಗ್ಲಾಸ್ಗೋಗೆ ವರ್ಗ.”

“ಗೊತ್ತಿತ್ತಲ್ಲ ನಿಮಗೆ! ಯಾಕೆ ಬಾಯಿ ಬಿಡ್ಲಿಲ್ಲ, ಪೆದ್ದ?”

“ಅದು ನಿಮ್ಮ ಮಾತು, ಹೆಸ್ಟರ್. ನೀವೇ ಹೇಳಬೇಕಿತ್ತು.” ಅವನು ನೆಲ ನೋಡಿದ. “ಆದ್ರೆ ಗ್ಲಾಸ್ಗೋ ದೂರ. ಇನ್ನು ಪ್ರತಿ ಶನಿವಾರ...”

“ಒಂದು ವಾರ ನೀವು ಬನ್ನಿ. ಇನ್ನೊಂದು ವಾರ ನಾನು ಬರ್ತೀನಿ.”

ಅವನು ಕಲ್ಲಿನಂತೆ ನಿಂತುಬಿಟ್ಟ. ಅವಳು ಕೈಗವಸು ಕಳಚಿ ಅವನ ಕೈ ಹಿಡಿದಳು.

“ಈಗ ಉಸಿರು ಬಿಡಬಹುದು, ಎಡ್ಗರ್.”